ಹಳೆಯ ಚೈನ್‌ಸಾ: ರಿಪೇರಿ ಮಾಡಿಸಬೇಕೇ, ಹೊಸದು ಕೊಳ್ಳಬೇಕೇ?

ಮಲೆನಾಡಿನ ತೋಟದ ಮನೆಗಳಲ್ಲಿ ಚೈನ್‌ಸಾಗೆ ವರ್ಷವಿಡೀ ಕೆಲಸವಿರುವುದಿಲ್ಲ. ಮರಗಸಿ ಮಾಡುವಾಗ ದಪ್ಪ ಕೊಂಬೆ ಕೊಯ್ಯಲು, ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ಮರ ತೆಗೆಯಲು, ಆಮೇಲೆ ಒಂದಷ್ಟು ಸೌದೆಗೆ ಅದು ಬೇಕು. ಉಳಿದ ತಿಂಗಳುಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಕೂತಿರುತ್ತದೆ. ಬೇಕಾದ ದಿನವೇ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ.

ಆಗ ಎರಡು ಮಾತು ಕೇಳಿಬರುತ್ತವೆ. ಒಂದು, "ಹತ್ತು ವರ್ಷ ಆಯಿತು, ಇನ್ನು ಅದರ ಕತೆ ಮುಗಿಯಿತು". ಇನ್ನೊಂದು, "ಹಳೇ ಮೆಷಿನ್ನೇ ಗಟ್ಟಿ, ಎಷ್ಟಾದರೂ ಸರಿ ರಿಪೇರಿ ಮಾಡಿಸು". ಎರಡೂ ಮೆಷಿನ್ನಿನ ವಯಸ್ಸನ್ನು ನೋಡಿ ಹೇಳುವ ಮಾತುಗಳು. ನಿಜವಾಗಿ ನೋಡಬೇಕಾದದ್ದು ವಯಸ್ಸನ್ನಲ್ಲ, ಹಾಳಾಗಿರುವುದು ಯಾವ ಭಾಗ ಎಂಬುದನ್ನು.

ಸ್ಟಾರ್ಟ್ ಆಗದಿದ್ದರೆ ಎಂಜಿನ್ ಹೋಯಿತೇ?

ಬಹಳ ಸಲ ಇಲ್ಲ. ತಿಂಗಳುಗಟ್ಟಲೆ ನಿಂತ ಮೆಷಿನ್ನಿನಲ್ಲಿ ಮೊದಲು ಕೆಡುವುದು ಇಂಧನದ ದಾರಿ. ಚೈನ್‌ಸಾವನ್ನು ಓರೆಯಾಗಿ, ಅಡ್ಡಡ್ಡವಾಗಿ ಹಿಡಿದು ಕೊಯ್ಯಬೇಕಾಗುತ್ತದೆ. ಹಾಗಾಗಿ ಅದರ ಕಾರ್ಬುರೇಟರ್‌ನಲ್ಲಿ ಬೈಕಿನಲ್ಲಿರುವಂಥ ತೇಲುಗುಂಡು ಇರುವುದಿಲ್ಲ. ಅದರ ಬದಲು ಡಯಾಫ್ರಂ ಎಂಬ ತೆಳುವಾದ ಪೊರೆ ಇರುತ್ತದೆ. ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ಆವಿಯಾಗಿ ಅಂಟು ಉಳಿದಾಗ ಈ ಪೊರೆ ಬಿರುಸಾಗುತ್ತದೆ, ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ಇದಕ್ಕೆ ಈಗ ಎಥೆನಾಲ್ ಕೂಡ ಸೇರಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು 2022ರಲ್ಲಿ ಶೇ 10 ಮುಟ್ಟಿತು. ಶೇ 20 ಎಥೆನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಆದರೆ ಅನೇಕ ಚೈನ್‌ಸಾಗಳ ಕೈಪಿಡಿಗಳು ಒಪ್ಪುವುದು ಶೇ 10ರವರೆಗೆ ಮಾತ್ರ. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಎಥೆನಾಲ್‌ನಿಂದ ಉಬ್ಬಿ ಸೀಳುವುದುಂಟು.

ಅದಕ್ಕಿಂತ ದೊಡ್ಡ ತೊಂದರೆ ನೀರಿನದು. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ನೀರು ಮತ್ತು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಇಂಧನ ಫಿಲ್ಟರ್ ಇರುವುದೂ ತಳದಲ್ಲೇ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಬಿಟ್ಟರೆ ಬೇರೆ ಆಯಿಲ್ ಇಲ್ಲ. ಅದು ಮೇಲಿನ ಪೆಟ್ರೋಲಿನಲ್ಲಿ ಉಳಿದು, ತಳದ ನೀರು ಎಂಜಿನ್ನಿಗೆ ಹೋದರೆ ಪಿಸ್ಟನ್ ಒಣಗಿ ತಿಕ್ಕಾಡುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಕ್ಯಾನಿನಲ್ಲಿ ಇಟ್ಟ ಹಳೆಯ ಮಿಶ್ರಣವನ್ನು ಬಳಸಬಾರದು ಎನ್ನುವುದು ಇದಕ್ಕೇ.

ಪೈಪು, ಫಿಲ್ಟರ್, ಸ್ಪಾರ್ಕ್ ಪ್ಲಗ್, ಕಾರ್ಬುರೇಟರ್ ಕಿಟ್ ಇವೆಲ್ಲ ಸಣ್ಣ ಬಿಡಿಭಾಗಗಳು. ತೊಂದರೆ ಇಷ್ಟೇ ಆಗಿದ್ದರೆ ಹತ್ತು ವರ್ಷದ ಮೆಷಿನ್ನನ್ನೂ ರಿಪೇರಿ ಮಾಡಿಸುವುದೇ ಸರಿ. "ಕೊಯ್ಯುತ್ತಿಲ್ಲ, ಶಕ್ತಿ ಇಲ್ಲ" ಎಂಬ ದೂರಿಗೂ ಎಷ್ಟೋ ಸಲ ಕಾರಣ ಎಂಜಿನ್ನಲ್ಲ, ಮೊಂಡಾದ ಚೈನು. ಹರಿತವಾದ ಚೈನು ಮರವನ್ನು ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ, ಮೊಂಡು ಚೈನು ಹಿಟ್ಟಿನಂಥ ಪುಡಿ ಮಾಡುತ್ತದೆ. ಕೊಯ್ತ ಒಂದೇ ಕಡೆಗೆ ವಾಲುತ್ತಿದ್ದರೆ ಒಂದು ಬದಿಯ ಹಲ್ಲುಗಳು ಸವೆದಿರಬಹುದು, ಇಲ್ಲವೇ ಬಾರ್‌ನ ಅಂಚು ಸವೆದಿರಬಹುದು.

ತೀರ್ಮಾನ ಮಾಡುವುದು ಕಂಪ್ರೆಶನ್

ಎಂಜಿನ್ನಿನ ಆಯುಷ್ಯ ತಿಳಿಯುವುದು ಪಿಸ್ಟನ್ ಮತ್ತು ಸಿಲಿಂಡರ್‌ನ ಸ್ಥಿತಿಯಿಂದ. ಪ್ಲಗ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಹಗ್ಗ ಎಳೆದರೆ ಒತ್ತಡ ಗೊತ್ತಾಗುತ್ತದೆ. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸವಿದ್ದರೂ, ಸಾಮಾನ್ಯವಾಗಿ 120ರಿಂದ 150 ಪಿಎಸ್‌ಐ ಬಂದರೆ ಎಂಜಿನ್ ಆರೋಗ್ಯವಾಗಿದೆ ಎನ್ನಬಹುದು. 100ಕ್ಕಿಂತ ಕೆಳಗಿದ್ದರೆ ಸವೆದಿದೆ ಎಂದರ್ಥ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಬದಿ ಕಾಣುತ್ತದೆ. ಅದು ನುಣುಪಾಗಿದ್ದರೆ ಚಿಂತೆಯಿಲ್ಲ. ಮೇಲಿನಿಂದ ಕೆಳಗೆ ಆಳವಾದ ಗೀರುಗಳಿದ್ದರೆ ಅದು ಆಯಿಲ್ ಸಾಲದೆ ಓಡಿದ ಗುರುತು. ಒಳ್ಳೆಯ ಮೆಕ್ಯಾನಿಕ್‌ಗೆ ಇವೆರಡೂ ಸ್ವಲ್ಪ ಹೊತ್ತಿನ ಕೆಲಸ. ಬಿಡಿಭಾಗ ತರಿಸುವ ಮೊದಲೇ ಈ ಪರೀಕ್ಷೆ ಮಾಡಿಸಿ.

ಆಯಿಲ್ ಬಗ್ಗೆ ಒಂದು ತಪ್ಪು ನಂಬಿಕೆಯಿದೆ. "ಸ್ವಲ್ಪ ಹೆಚ್ಚೇ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತದೆ" ಎನ್ನುತ್ತಾರೆ. 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, 25:1 ಎಂದರೆ 40 ಮಿ.ಲೀ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ ನಿಜ, ಆದರೆ ಹೆಚ್ಚಾದರೆ ಪ್ಲಗ್ ಮತ್ತು ಸೈಲೆನ್ಸರ್‌ನಲ್ಲಿ ಮಸಿ ಕಟ್ಟಿ ಶಕ್ತಿ ಕುಂದುತ್ತದೆ. ಕೈಪಿಡಿ ಹೇಳಿದ ಪ್ರಮಾಣವೇ ಸರಿ.

"ಹಳೆಯದೇ ಗಟ್ಟಿ" ಎಂಬುದು ನಿಜವೇ?

ಇಪ್ಪತ್ತು ವರ್ಷದಿಂದ ಓಡುತ್ತಿರುವ ಒಂದು ಮೆಷಿನ್ ಊರಿಗೆಲ್ಲ ಗೊತ್ತಿರುತ್ತದೆ. ಅದರ ಜೊತೆಗೇ ಮಾರಾಟವಾಗಿ ಮೂರನೇ ವರ್ಷಕ್ಕೆ ಗುಜರಿಗೆ ಹೋದವುಗಳನ್ನು ಯಾರೂ ನೆನಪಿಡುವುದಿಲ್ಲ. ಉಳಿದವನ್ನಷ್ಟೇ ನೋಡಿ ಎಲ್ಲವೂ ಗಟ್ಟಿ ಎಂದುಕೊಳ್ಳುವುದು ನಾವೆಲ್ಲ ಸುಲಭವಾಗಿ ಮಾಡುವ ತಪ್ಪು. ಹಾಗೆಂದು ಹೊಸದೆಲ್ಲ ಒಳ್ಳೆಯದು ಎಂದೂ ಅಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಮೆಷಿನ್‌ಗಿಂತ, ಕಂಪ್ರೆಶನ್ ಚೆನ್ನಾಗಿರುವ ಮತ್ತು ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಗುವ ಹಳೆಯ ಮೆಷಿನ್ ಹೆಚ್ಚು ನಂಬಿಕೆಗೆ ಅರ್ಹ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು, ಬಿಡಿಭಾಗ ಸಿಗದೆ ರೈತರು ಪಡುವ ಪಾಡನ್ನೇ ತೋರಿಸುತ್ತದೆ.

ಖರ್ಚಿನ ಲೆಕ್ಕ

ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬೇಡ ಎಂಬ ರೂಢಿಯ ಲೆಕ್ಕವೊಂದಿದೆ. ಅದು ಅರ್ಧ ಮಾತ್ರ ಸರಿ. ಕೇಳಬೇಕಾದದ್ದು, ಕೊಟ್ಟ ದುಡ್ಡಿಗೆ ಎಷ್ಟು ವರ್ಷ ಸಿಗುತ್ತದೆ ಎಂದು. ಉದಾಹರಣೆಗೆ, ಹೊಸದಕ್ಕೆ 30,000 ರೂಪಾಯಿ, ಹತ್ತು ವರ್ಷ ಬಾಳಿಕೆ ಎಂದುಕೊಳ್ಳೋಣ. ಆಗ ವರ್ಷಕ್ಕೆ 3,000 ಬಿತ್ತು. 6,000 ರೂಪಾಯಿಯ ರಿಪೇರಿ ಮೂರು ವರ್ಷ ನಡೆಸಿದರೆ ವರ್ಷಕ್ಕೆ 2,000, ರಿಪೇರಿಯೇ ಲಾಭ. ಸವೆದ ಎಂಜಿನ್ನಿಗೆ ಅದೇ 6,000 ಸುರಿದು ಒಂದೇ ವರ್ಷ ಓಡಿದರೆ ನಷ್ಟ. ಈ ಲೆಕ್ಕದಲ್ಲಿ ಕಳೆದ ವರ್ಷ ರಿಪೇರಿಗೆ ಹಾಕಿದ ದುಡ್ಡು ಬರಬಾರದು. "ಇಷ್ಟು ಹಾಕಿದ್ದೇವಲ್ಲ" ಎಂದು ಮತ್ತಷ್ಟು ಹಾಕಿದರೆ ಹೋದದ್ದೇನೂ ವಾಪಸ್ ಬರುವುದಿಲ್ಲ.

ದುಡ್ಡಿಗಿಂತ ಮೊದಲು ನೋಡಬೇಕಾದದ್ದು

ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗದಲ್ಲಿ ಓಡುತ್ತದೆ. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಇಡೀ ಮೆಷಿನ್ ಕೊಯ್ಯುವವರ ಮುಖದ ಕಡೆಗೆ ಚಿಮ್ಮುತ್ತದೆ. ನಮ್ಮ ಕೈ ಅದನ್ನು ತಡೆಯುವಷ್ಟು ಚುರುಕಲ್ಲ. ಚೈನ್ ಬ್ರೇಕ್ ಇರುವುದೇ ಇದಕ್ಕಾಗಿ, ಈ ಸೌಲಭ್ಯ 1970ರ ದಶಕದಲ್ಲೇ ಬಂದಿದೆ. "ಅಡ್ಡ ಬರುತ್ತದೆ" ಎಂದು ಎಷ್ಟೋ ಕಡೆ ಮುಂದಿನ ಗಾರ್ಡನ್ನೇ ಬಿಚ್ಚಿಡುತ್ತಾರೆ. ಗಾರ್ಡ್ ತೆಗೆದರೆ ಬ್ರೇಕನ್ನೇ ತೆಗೆದಂತೆ.

ಎಂಜಿನ್ ನಿಲ್ಲಿಸಿ, ಕೈಗವಸು ಹಾಕಿಕೊಂಡು, ಗಾರ್ಡನ್ನು ಮುಂದಕ್ಕೆ ತಳ್ಳಿ ನೋಡಿ. ಆಗ ಚೈನು ಕೈಯಿಂದ ಎಳೆದರೂ ಜರುಗಬಾರದು. ಎಕ್ಸಲರೇಟರ್ ಬಿಟ್ಟಾಗಲೂ ಚೈನು ತಿರುಗುತ್ತಿದ್ದರೆ ಐಡ್ಲಿಂಗ್ ಅಥವಾ ಕ್ಲಚ್ ಸರಿಯಿಲ್ಲ. ಕಂಪನ ತಡೆಯುವ ರಬ್ಬರ್, ಸ್ಪ್ರಿಂಗ್‌ಗಳು ಹರಿದಿದ್ದರೆ ಅದನ್ನೂ ಕಡೆಗಣಿಸಬೇಡಿ. ವರ್ಷಗಟ್ಟಲೆ ಕಂಪನ ತಿಂದ ಬೆರಳುಗಳಲ್ಲಿ ರಕ್ತಸಂಚಾರ ಕೆಟ್ಟು ಅವು ಬಿಳಿಚಿ ಜೋಮು ಹಿಡಿಯುವ ಕಾಯಿಲೆ ಮರ ಕೊಯ್ಯುವವರಲ್ಲಿ ಸುಪರಿಚಿತ. ತೋಟದ ಮಾಲೀಕರು ಕೊಳ್ಳುವ ಮೆಷಿನ್ನನ್ನು ಬಹಳ ಸಲ ಹಿಡಿಯುವುದು ದಿನಗೂಲಿಯವರು. ಉಳಿಸಿದ ದುಡ್ಡು ಒಬ್ಬರದು, ಅಪಾಯ ಇನ್ನೊಬ್ಬರದು ಎಂಬುದು ಈ ಲೆಕ್ಕದಲ್ಲಿ ಸುಲಭವಾಗಿ ಮರೆತುಹೋಗುತ್ತದೆ.

ಹಾಗಾಗಿ ನಮ್ಮ ಸಲಹೆಯ ಕ್ರಮ ಹೀಗಿದೆ. ಮೊದಲು ಬ್ರೇಕ್ ನೋಡಿ. ಬ್ರೇಕೇ ಇಲ್ಲದ ಮಾಡೆಲ್ ಆಗಿದ್ದರೆ, ಅಥವಾ ಸರಿಮಾಡಲು ಬಿಡಿಭಾಗ ಸಿಗದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಡಿ. ಬ್ರೇಕ್ ಸರಿಯಿದ್ದರೆ ಕಂಪ್ರೆಶನ್ ನೋಡಿ. ಅದೂ ಚೆನ್ನಾಗಿದ್ದರೆ ಧೈರ್ಯವಾಗಿ ರಿಪೇರಿ ಮಾಡಿಸಿ. ಕಂಪ್ರೆಶನ್ ಬಿದ್ದಿದ್ದರೆ ವರ್ಷದ ಲೆಕ್ಕ ಹಾಕಿ. ಹೊಸದು ಕೊಳ್ಳುವುದಾದರೆ ಶೇ 20 ಎಥೆನಾಲ್ ಪೆಟ್ರೋಲ್ ನಡೆಯುತ್ತದೆಯೇ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಅಂಗಡಿಯಲ್ಲಿ ಕೇಳಿಯೇ ದುಡ್ಡು ಕೊಡಿ. ಹಳೆಯದಿರಲಿ ಹೊಸದಿರಲಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ಒಳಗಿಡಿ.