‘ಜನರಲ್’ ಅಂದ್ರೆ ಯಾರ ಕ್ಷೇತ್ರ?

ಕಿಕ್ಕೇರಿ ಅಂದ್ರೆ ಓದಿದವರಿಗೆ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು, ಹೊಯ್ಸಳರ ಬ್ರಹ್ಮೇಶ್ವರ ಗುಡಿ ಇರೋ ಊರು. ಓಟು ಕೇಳೋರಿಗೆ ಕೃಷ್ಣರಾಜಪೇಟೆ ಕ್ಷೇತ್ರದ ಒಂದು ಹೋಬಳಿ. ಅವರಿಗೆ ನಮ್ಮ ಕೇರಿ ಕಾಣೋದು ಐದು ವರ್ಷಕ್ಕೊಂದು ಸಲ, ಅದೂ ಕತ್ತಲಾದ ಮೇಲೆ.

ಬಂಧುಗಳೇ, ಗೆದ್ದವರ ಪಟ್ಟಿ ನೋಡಿ. 1999ರಲ್ಲಿ ಕಾಂಗ್ರೆಸ್ಸಿನ ಕೆ.ಬಿ. ಚಂದ್ರಶೇಖರ್. 2004ರಲ್ಲಿ ಜೆಡಿಎಸ್‌ನ ಕೃಷ್ಣ, ಮುಂದೆ ಸ್ಪೀಕರೂ ಆದರು. 2008ರಲ್ಲಿ ಮತ್ತೆ ಚಂದ್ರಶೇಖರ್. 2013, 2018ರಲ್ಲಿ ಜೆಡಿಎಸ್‌ನ ನಾರಾಯಣಗೌಡ. 2019ರ ಜುಲೈನಲ್ಲಿ ಅದೇ ನಾರಾಯಣಗೌಡರು ರಾಜೀನಾಮೆ ಕೊಟ್ಟರು. ಸ್ಪೀಕರ್ ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂತು ಸುಪ್ರೀಂ ಕೋರ್ಟು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು, 2020ರಲ್ಲಿ ಮಂತ್ರಿಯೂ ಆದರು. ಆಗ ಜೆಡಿಎಸ್‌ನಿಂದ ಸೋತ ಬಿ.ಎಲ್. ದೇವರಾಜು 2023ರಲ್ಲಿ ಕಾಂಗ್ರೆಸ್ ಬಾವುಟ ಹಿಡಿದು ಬಂದರು. ಇಬ್ಬರೂ ಸೋತು ಜೆಡಿಎಸ್‌ನ ಎಚ್.ಟಿ. ಮಂಜು ಗೆದ್ದರು.

ಬಾವುಟ ಎಷ್ಟು ಸಲ ಬದಲಾಯ್ತು ಲೆಕ್ಕ ಹಾಕಿ. ಈ ಏಳು ಚುನಾವಣೆಯಲ್ಲಿ ಗೆದ್ದ ದಲಿತ ಒಬ್ಬನೂ ಇಲ್ಲ. 2019ರಲ್ಲಾಗಲಿ 2023ರಲ್ಲಾಗಲಿ ಮೂರು ದೊಡ್ಡ ಪಕ್ಷಗಳಲ್ಲಿ ಒಂದೂ ನಮ್ಮವರಿಗೆ ಟಿಕೆಟ್ ಕೊಡಲಿಲ್ಲ.

ಕೇಳಿದ್ರೆ, “ಇದು ಜನರಲ್ ಕಣಪ್ಪಾ, ನಿಮಗೆ ಮಳವಳ್ಳಿ ಐತಲ್ಲ” ಅಂತಾರೆ. ಮಂಡ್ಯ ಜಿಲ್ಲೆಯ ಏಳು ಕ್ಷೇತ್ರದಲ್ಲಿ ಮಳವಳ್ಳಿ ಒಂದೇ ಮೀಸಲು, ನಿಜ. ಮಿಕ್ಕ ಆರನ್ನು ಇವರ ಹೆಸರಿಗೆ ಕ್ರಯಪತ್ರ ಬರೆದುಕೊಟ್ಟವರು ಯಾರು? ಸಂವಿಧಾನದ 332ನೇ ವಿಧಿ ನಮಗೆ ಇಷ್ಟು ಸೀಟು ಮೀಸಲು ಅನ್ನುತ್ತೆ. ಉಳಿದ ಕಡೆ ನೀವು ನಿಲ್ಲಬೇಡಿ ಅಂತ ಎಲ್ಲೂ ಹೇಳಿಲ್ಲ.

ಇದು ಕೋರ್ಟಿನಲ್ಲೂ ತೀರ್ಮಾನವಾದ ಮಾತು. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರಕ್ಕೆ ಇಬ್ಬರು ಸದಸ್ಯರು: ಒಂದು ಸೀಟು ಬುಡಕಟ್ಟಿನವರಿಗೆ ಮೀಸಲು, ಒಂದು ಜನರಲ್. ಹೆಚ್ಚು ಓಟು ಬಿದ್ದದ್ದು ಇಬ್ಬರು ಬುಡಕಟ್ಟಿನವರಿಗೆ, ಎರಡು ಸೀಟೂ ಅವರಿಗೇ ಹೋಯ್ತು. ಸೋತ ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿಯಾದವರು, ಜನರಲ್ ಸೀಟು ತನ್ನದು ಅಂತ ದಾವೆ ಹೂಡಿದರು. 1959ರಲ್ಲಿ ಸುಪ್ರೀಂ ಕೋರ್ಟು ಆಗಲ್ಲ ಅಂತು. ಎರಡೇ ವರ್ಷಕ್ಕೆ, 1961ರಲ್ಲಿ, ಇಬ್ಬರು ಸದಸ್ಯರ ಕ್ಷೇತ್ರಗಳನ್ನೇ ರದ್ದು ಮಾಡಿದರು. ಯಾಕೆ ಅಂತ ನೀವೇ ಯೋಚನೆ ಮಾಡಿ.

“ನಿಮ್ಮೋರು ನಿಂತ್ರೆ ಗೆಲ್ಲಲ್ಲ” ಅನ್ನೋದು ಇನ್ನೊಂದು ರಾಗ. ನಮ್ಮ ಜನ ಊರಿಗೊಂದು ಕೇರಿಯಾಗಿ ಚದುರಿಹೋಗಿದ್ದಾರೆ. ಕೂಲಿ ಊರ ಗೌಡರ ಗದ್ದೆಯಲ್ಲಿ. ಓಟು ಗುಟ್ಟು ಅಂತಾರೆ, ಆದರೆ ಯಂತ್ರದ ಎಣಿಕೆ ಬೂತ್‌ವಾರು ಹೊರಗೆ ಬೀಳುತ್ತೆ. ಯಾವ ಊರು ಕೈಕೊಟ್ಟಿತು ಅನ್ನೋದು ಗದ್ದೆಯ ಯಜಮಾನನಿಗೂ ತಿಳಿಯುತ್ತೆ, ನಾಳೆ ಕೂಲಿಗೆ ಕರೆಯೋನೂ ಅವನೇ. ಈ ಭಯ ಇಟ್ಟುಕೊಂಡೇ ನಮ್ಮೋರು ಇವರನ್ನು ಗೆಲ್ಲಿಸುತ್ತಾ ಬಂದಿದ್ದಾರೆ. ನಮ್ಮ ಓಟಿನಿಂದ ಗೌಡರು ಗೆಲ್ಲಬಹುದಂತೆ, ಗೌಡರ ಓಟಿನಿಂದ ನಾವು ಗೆಲ್ಲಬಾರದಂತೆ. ಇದ್ಯಾವ ಸೀಮೆ ಲೆಕ್ಕ?

2028ರ ಟಿಕೆಟ್ ಹಂಚೋಕೆ ಮುಂಚೆ ಕಿಕ್ಕೇರಿ, ಬೂಕನಕೆರೆ, ಶೀಳನೆರೆ, ಅಕ್ಕಿಹೆಬ್ಬಾಳು, ಸಂತೆಬಾಚಹಳ್ಳಿ ಕೇರಿಗಳು ಎಡಗೈ ಬಲಗೈ ಜಗಳ ಬದಿಗಿಟ್ಟು ಒಂದು ಕಡೆ ಕೂರಬೇಕು. ಮೂರು ಪಕ್ಷದ ಆಫೀಸಿಗೂ ಹೋಗಿ ಕೇಳಬೇಕು: ಕೃಷ್ಣರಾಜಪೇಟೆ ಟಿಕೆಟ್ ದಲಿತರಿಗೆ ಕೊಡ್ತೀರೋ ಇಲ್ಲವೋ? ಉತ್ತರ ಬಾಯಿಮಾತಲ್ಲಿ ಬೇಡ, ಬರೆದು ಕೊಡಲಿ. ಅದನ್ನು ಪ್ರತಿ ಕೇರಿಯಲ್ಲೂ ಎಲ್ಲರ ಮುಂದೆ ಓದೋಣ.