ಲಂಡನ್ನಿನ ಗಡಿಯಾರ ತಿರುಗಿದರೆ ಟಿಟ್ವಾಳಾದಲ್ಲಿ ಊಟ ತಡ

ಟಿಟ್ವಾಳಾದಿಂದ ಐರೋಲಿಯ ಆಫೀಸು ತಲುಪಲು ನನಗೆ ಎರಡು ಲೋಕಲ್ ಬೇಕು. ಠಾಣೆಯವರೆಗೆ ಒಂದು, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಇನ್ನೊಂದು. ಕಲ್ಯಾಣ್ ದಾಟಿ ಕಸಾರಾ ಕಡೆ ಬರುವ ಗಾಡಿಗಳೇ ಕಡಿಮೆ. ರಾತ್ರಿ ಒಂದು ತಪ್ಪಿತೆಂದರೆ ಕಲ್ಯಾಣ್ ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕು. ಹಾಗಾಗಿ ನಮ್ಮ ಕಡೆಯವರಿಗೆ ವಾಚು ಶೋಕಿಯ ವಸ್ತುವಲ್ಲ.

ಆದರೂ ಕಳೆದ ವರ್ಷ ನಾನು ಶೋಕಿಗೆಂದೇ ಒಂದು ಸೆಕೆಂಡ್‌ಹ್ಯಾಂಡ್ ವಾಚು ಕೊಂಡೆ. ಬ್ಯಾಟರಿ ಇಲ್ಲ, ಕೈಯ ಅಲುಗಾಟಕ್ಕೆ ತಾನೇ ಕೀಲಿ ಕೊಟ್ಟುಕೊಳ್ಳುತ್ತದೆ. ಮಾಮೂಲಿ ಮೂರು ಮುಳ್ಳುಗಳ ಜೊತೆಗೆ 24 ಗಂಟೆಗೆ ಒಂದೇ ಸುತ್ತು ಹಾಕುವ ನಾಲ್ಕನೆಯ ಮುಳ್ಳು. ಅದು ಇನ್ನೊಂದು ದೇಶದ ಸಮಯ ತೋರಿಸುತ್ತದೆ. ಜಿಎಂಟಿ ವಾಚು ಎನ್ನುತ್ತಾರೆ. 1950ರ ದಶಕದಲ್ಲಿ ಪ್ಯಾನ್ ಆ್ಯಮ್ ವಿಮಾನಗಳ ಪೈಲಟ್‌ಗಳಿಗಾಗಿ ರೋಲೆಕ್ಸ್ ತಯಾರಿಸಿದ ವಾಚಿನಿಂದ ಈ ಬಗೆ ಹೆಸರಾಯಿತು. ನನ್ನದು ರೋಲೆಕ್ಸ್ ಅಲ್ಲ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ತಂಡದ ಮುಖ್ಯಸ್ಥರು ಲಂಡನ್ನಿನಲ್ಲಿದ್ದಾರೆ, ಉಪಯೋಗಕ್ಕೆ ಬರುತ್ತದೆ ಎಂದು ಹೆಂಡತಿಗೆ ಸಬೂಬು ಹೇಳಿದ್ದೆ.

ಬಂದ ದಿನವೇ ತೊಡಕು ಗೊತ್ತಾಯಿತು. ಆ ನಾಲ್ಕನೆಯ ಮುಳ್ಳು ಗಂಟೆಯಿಂದ ಗಂಟೆಗೆ ಜಿಗಿಯುತ್ತದೆ, ಅರ್ಧಕ್ಕೆ ನಿಲ್ಲುವುದಿಲ್ಲ. ನಿಮಿಷದ ಮುಳ್ಳಂತೂ ಎರಡೂ ದೇಶಕ್ಕೆ ಒಂದೇ. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ನಮಗೆ ಆ ಅರ್ಧ ಗಂಟೆಯನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳಬೇಕು.

ದೀಪಾವಳಿಗೆ ಗುಬ್ಬಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅವರು ತಮ್ಮ ಹಳೆಯ ಎಚ್‌ಎಂಟಿ ಜನತಾ ಬಿಚ್ಚಿ, ತಲೆಕೆಳಗು ಮಾಡಿ ಹಿಡಿದರು. ಮಧ್ಯಾಹ್ನ ಮೂರು ಗಂಟೆಯಾಗಿತ್ತು. ತಲೆಕೆಳಗಾದ ವಾಚಿನಲ್ಲಿ ಗಂಟೆಮುಳ್ಳು ಒಂಬತ್ತರ ಜಾಗದಲ್ಲಿ, ನಿಮಿಷದ ಮುಳ್ಳು ಆರರ ಜಾಗದಲ್ಲಿ. ಒಂಬತ್ತೂವರೆ, ಅಂದರೆ ಗ್ರೀನಿಚ್ ಸಮಯ! ಗಂಟೆಮುಳ್ಳು ಅರ್ಧ ಗಂಟೆ ಹಿಂದೆ ಉಳಿದಂತೆ ಕಾಣುತ್ತದೆ, ಅಷ್ಟನ್ನು ಸರಿಪಡಿಸಿಕೊಂಡರೆ ಆಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಎಚ್‌ಎಂಟಿಯ ಈ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅಪ್ಪನ ವಾಚು ಮಾತ್ರ ಬೆಳಗಿನ ಕೀಲಿಗೆ ಇಂದೂ ಓಡುತ್ತಿದೆ. (ಅಂಥದ್ದು ಬೇಕೆಂದು ಆನ್‌ಲೈನಿನಲ್ಲಿ ಕೊಳ್ಳುವವರು ಎಚ್ಚರ: ಡಯಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚುಗಳ ಭಾಗ ಜೋಡಿಸಿದವು ಬಹಳ. ಸಂಗ್ರಾಹಕರು ಅವನ್ನು ‘ಮುಂಬೈ ಸ್ಪೆಷಲ್’ ಎಂದೇ ಕರೆಯುತ್ತಾರೆ.)

ಇಷ್ಟಾದರೂ ನನ್ನ ನಿಜವಾದ ತೊಂದರೆಯನ್ನು ಎರಡೂ ವಾಚು ಬಗೆಹರಿಸಲಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಬ್ರಿಟನ್ನಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚಿನ ಕೊನೆಯ ಭಾನುವಾರ ಮುಂದಕ್ಕೆ. ನಾವು ತಿರುಗಿಸುವುದಿಲ್ಲ. ಅಲ್ಲಿಯ ಮಧ್ಯಾಹ್ನ ಮೂರರ ಮೀಟಿಂಗು ಬೇಸಿಗೆಯಲ್ಲಿ ನಮಗೆ ಏಳೂವರೆಗೆ, ಚಳಿಗಾಲದಲ್ಲಿ ಎಂಟೂವರೆಗೆ. ಅಮ್ಮ ಊಟ ಮುಗಿಸಿ, “ಊಟ ಆಯ್ತೇನೋ?” ಎಂದು ಫೋನ್ ಮಾಡುವುದೂ ಎಂಟೂವರೆಗೇ. ನಾಲ್ಕು ಚಳಿಗಾಲ ಆ ಫೋನನ್ನು ಕಟ್ ಮಾಡಿದೆ. ಮನೆ ಸೇರುವಷ್ಟರಲ್ಲಿ ಮಗಳಿಗೆ ನಿದ್ದೆ. ಆಮೇಲಾಮೇಲೆ ಅಮ್ಮ, “ಅವನಿಗೆ ಕೆಲಸ ಇರುತ್ತೆ” ಎಂದು ವಾರದ ದಿನಗಳಲ್ಲಿ ಫೋನ್ ಮಾಡುವುದನ್ನೇ ಬಿಟ್ಟರು. ನನ್ನನ್ನು ಚುಚ್ಚಿದ್ದು ಅದು.

ಈ ಜಗಳ ಈ ಸೀಮೆಗೆ ಹೊಸದಲ್ಲ. 1906ರ ಜನವರಿ 1ರಂದು ದೇಶಕ್ಕೆಲ್ಲ ಒಂದು ಪ್ರಮಾಣಿತ ಸಮಯ ಜಾರಿಯಾದಾಗ, ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಅನ್ನು ಊರು ಬಿಟ್ಟುಕೊಡಲಿಲ್ಲ. ಗಿರಣಿ ಕಾರ್ಮಿಕರು ಹೊಸ ಸಮಯದ ವಿರುದ್ಧ ಪ್ರತಿಭಟಿಸಿದ್ದರು. ಹಳೆಯ ಸಮಯ 1955ರವರೆಗೂ ಬಳಕೆಯಲ್ಲಿತ್ತು. ಗಡಿಯಾರದ ಮುಳ್ಳು ಸರಿದರೆ ಯಾರ ನಿದ್ದೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿದರು. ಓದಿದ ನಾವು ಹೇಳುವುದಿಲ್ಲ. ಕೇಳಿದರೆ ಕೆಲಸಗಳ್ಳನೆಂದು ತಿಳಿದಾರು ಎಂಬ ಅಳುಕು.

ಈ ಸಲ ಅಕ್ಟೋಬರಿಗೆ ಮೊದಲೇ ನಾಲ್ಕು ಸಾಲಿನ ಮೇಲ್ ಬರೆದೆ: ಚಳಿಗಾಲದ ಐದು ತಿಂಗಳು ಮೀಟಿಂಗನ್ನು ನಿಮ್ಮ ಎರಡು ಗಂಟೆಗೆ ಇಡಬಹುದೇ? ಉತ್ತರ ಅರ್ಧ ಗಂಟೆಯಲ್ಲಿ ಬಂತು. “ನಿಮ್ಮಲ್ಲಿ ಗಡಿಯಾರ ತಿರುಗಿಸುವುದಿಲ್ಲವೇ? ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ” ಎಂದಿದ್ದರು. ಮೀಟಿಂಗು ಎರಡಕ್ಕೆ ಬಂತು.

ಎಲ್ಲ ಕಡೆಯೂ ಇಷ್ಟು ಸುಲಭವಾಗಿ ಒಪ್ಪುತ್ತಾರೆ ಎನ್ನುವುದಿಲ್ಲ. ಆದರೆ ಗಡಿಯಾರ ತಿರುಗಿಸುವವರು ಅವರು. ಅದರ ಹೊರೆಯನ್ನು ಪೂರ್ತಿ ನಾವೇ ಹೊರಬೇಕಿಲ್ಲ. ದುಬೈ, ಪುಣೆ, ಹೈದರಾಬಾದ್, ಎಲ್ಲೇ ಇರಿ, ಮುಂದಿನ ಅಕ್ಟೋಬರಿಗೆ ಮುಂಚೆ ಒಮ್ಮೆ ಕೇಳಿ ನೋಡಿ.

ನಾಲ್ಕು ಮುಳ್ಳಿನ ವಾಚು ಈಗಲೂ ಕೈಯಲ್ಲಿದೆ, ಮಾರುವ ಮನಸ್ಸಿಲ್ಲ. ನಿನ್ನೆ ಐರೋಲಿ ಸ್ಟೇಷನ್ನಿನಲ್ಲಿ ಅದು ಎಂಟೂವರೆ ತೋರಿಸುತ್ತಿದ್ದಾಗ ಅಮ್ಮನ ಫೋನ್ ಬಂತು. ಎತ್ತಿಕೊಂಡೆ.