ದೇವರು ತೆರವು ಮಾಡಿದ ಮನೆ

ಸಿಡ್ನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಿಂಚಂಚೆ ಬರೆದಿದ್ದಾನೆ. ಅವನ ಬೀದಿಯಲ್ಲಿ ಮುಚ್ಚಿಹೋದ ಚರ್ಚೊಂದನ್ನು ವಸತಿಗೃಹಗಳಾಗಿ ಮಾರ್ಪಡಿಸಲು ನಗರಸಭೆಗೆ ಅರ್ಜಿ ಬಂದಿದೆಯಂತೆ. ಬಡಾವಣೆಯು ಪಾರಂಪರಿಕ ಸಂರಕ್ಷಣಾ ವಲಯದಲ್ಲಿರುವುದರಿಂದ ನೆರೆಹೊರೆಯವರು ವಿರೋಧಿಸುತ್ತಿದ್ದಾರೆ. "ದೇವರ ಮನೆಯಲ್ಲಿ ಬಚ್ಚಲು ಕಟ್ಟುವುದು ಸರಿಯೇ ಸಾರ್?" ಎಂದು ಕೇಳಿದ್ದಾನೆ. ಅವನಿಗೆ ಕೊಟ್ಟ ಉತ್ತರವನ್ನೇ ನಿಮ್ಮೆಲ್ಲರ ಮುಂದೆಯೂ ಇಡುತ್ತೇನೆ. ಸರಿ, ಆದರೆ ಎರಡು ಷರತ್ತುಗಳಿವೆ.

ನಮ್ಮಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಮುನ್ನ ಕಲಾಕರ್ಷಣೆ ಮಾಡಿ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಳ್ಳುತ್ತಾರಲ್ಲವೇ? ಕ್ರೈಸ್ತರಲ್ಲಿಯೂ ದೇವಾಲಯವನ್ನು ಲೌಕಿಕಕ್ಕೆ ಬಿಟ್ಟುಕೊಡುವ ವಿಧಿಗಳಿವೆ. ಕ್ಯಾಥೋಲಿಕರ 1983ರ ಧರ್ಮಸಂಹಿತೆಯ 1222ನೆಯ ನಿಯಮವು ಲೌಕಿಕ ಬಳಕೆಗೆ ಅನುಮತಿಸುತ್ತದೆ, ಹೀನ ಬಳಕೆಗೆ ಮಾತ್ರ ಕೂಡದೆನ್ನುತ್ತದೆ. ಸಂಸಾರ ಹೀನವೇ? ಮಗುವಿಗೆ ಹಾಲು ಕಾಯಿಸುವ ಒಲೆ ಹೀನವೇ?

ಚರ್ಚುಗಳು ಬರಿದಾದುದಕ್ಕೆ ಕಾರಣಗಳಿವೆ. 1977ರಲ್ಲಿ ಮೆಥಡಿಸ್ಟರು, ಕಾಂಗ್ರಿಗೇಷನಲ್ ಪಂಥದವರು ಮತ್ತು ಪ್ರೆಸ್ಬಿಟೇರಿಯನ್ನರಲ್ಲಿ ಬಹುಪಾಲು ಜನ ಒಂದುಗೂಡಿ ಯುನೈಟಿಂಗ್ ಚರ್ಚ್ ಆದಾಗ, ಒಂದೇ ಊರಿನಲ್ಲಿ ಎರಡು ಮೂರು ಕಟ್ಟಡಗಳು ಹೆಚ್ಚಾಗಿ ಉಳಿದವು. 2021ರ ಜನಗಣತಿಯಲ್ಲಿ ತಾವು ಕ್ರೈಸ್ತರೆಂದವರು ಶೇ. 43.9 ಮಾತ್ರ. ಬೀಗ ಹಾಕಿದ ಕಟ್ಟಡದ ಮಾಡು ಸೋರುತ್ತದೆ, ಮರ ಕೊಳೆಯುತ್ತದೆ. ಇಂದು ಪರಂಪರೆಯೆಂದು ಕೂಗುವ ನೆರೆಯವರು ಆ ಬಾಗಿಲು ತೆರೆದಿದ್ದಾಗ ಎಷ್ಟು ಭಾನುವಾರ ಒಳಗೆ ಹೋಗಿದ್ದರೋ! ಅವರಲ್ಲಿ ಹಲವರು ಕಾಯುತ್ತಿರುವುದು ಗೋಪುರವನ್ನಲ್ಲ, ಕಾರು ನಿಲ್ಲಿಸುವ ಜಾಗವನ್ನು.

ಹಾಗೆಂದು ಕಟ್ಟಡ ವ್ಯಾಪಾರಿಗಳ ಬೆನ್ನು ತಟ್ಟಲಾರೆ. ಚರ್ಚೆಂದರೆ ಬೀದಿಗೆ ಕಾಣುವ ಕಲ್ಲಿನ ಮುಖವಷ್ಟೇ ಅಲ್ಲ; ಒಳಗಿನ ಎತ್ತರ, ಆ ಎತ್ತರಕ್ಕೆ ಬೀಳುವ ಬೆಳಕು. ನಡುವೆ ಎರಡು ಮಹಡಿ ತೂರಿಸಿದರೆ ನೀಳವಾದ ಕಮಾನು ಕಿಟಕಿಯ ಕೆಳಭಾಗ ಒಬ್ಬರ ಅಡುಗೆಮನೆಗೆ, ತುದಿ ಇನ್ನೊಬ್ಬರ ಮಲಗುವ ಕೋಣೆಗೆ ಹೋಗುತ್ತದೆ. ಆಸ್ಟ್ರೇಲಿಯದ ತಜ್ಞರೇ 1979ರಲ್ಲಿ ರೂಪಿಸಿದ ಬರ್ರಾ ಸನ್ನದು, ಸ್ಥಳದ ಮಹತ್ವವನ್ನು ಗೌರವಿಸುವ ಬಳಕೆಯೇ ತಕ್ಕ ಬಳಕೆಯೆನ್ನುತ್ತದೆ. ಆದ್ದರಿಂದ ಮೊದಲ ಷರತ್ತು: ಒಂದು ಅಂಕಣವಾದರೂ ನೆಲದಿಂದ ಮಾಡಿನವರೆಗೆ ತೆರೆದೇ ಇರಲಿ, ಅದು ಎಲ್ಲ ನಿವಾಸಿಗಳಿಗೂ ಸೇರಲಿ.

ಎರಡನೆಯದು ಹಣದ ಮಾತು. ನ್ಯೂ ಸೌತ್ ವೇಲ್ಸ್ 2006ರಲ್ಲಿ ರೂಪಿಸಿದ ಮಾದರಿ ಯೋಜನಾ ನಿಯಮದಲ್ಲಿ ಒಂದು ವಿನಾಯಿತಿಯಿದೆ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡದ ಸಂರಕ್ಷಣೆಗೆ ನೆರವಾಗುವುದಾದರೆ, ಆ ವಲಯದಲ್ಲಿ ನಿಷಿದ್ಧವಾದ ಬಳಕೆಗೂ ಷರತ್ತುಗಳೊಡನೆ ಅನುಮತಿ ನೀಡಬಹುದು. ಇದು ಸಾರ್ವಜನಿಕರು ಕೊಡುವ ಉಡುಗೊರೆ. ಇದರ ಲಾಭವೆಲ್ಲ ಒಬ್ಬನ ಕಿಸೆಗೇಕೆ ಸೇರಬೇಕು?

ಇದು ಮುದುಕನ ಕನಸೆನ್ನಬೇಡಿ. ಅದೇ ಸಿಡ್ನಿಯ ಗ್ಲೀಬ್ ಎಂಬ ಬಡಾವಣೆಯ ಹೆಸರಿನ ಅರ್ಥವೇ ಪಾದ್ರಿಗಳ ಜೀವನೋಪಾಯಕ್ಕೆ ಬಿಟ್ಟ ಭೂಮಿ, ನಮ್ಮ ಮಾತಿನಲ್ಲಿ ಉಂಬಳಿ. (ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ, ಬಿಡಿ.) ಅಲ್ಲಿ ಆಂಗ್ಲಿಕನ್ ಚರ್ಚಿನ ಒಡೆತನದಲ್ಲಿದ್ದ ಸುಮಾರು 700 ಹಳೆಯ ಮನೆಗಳನ್ನು 1974ರಲ್ಲಿ ವಿಟ್ಲಮ್ ಸರ್ಕಾರ ಕೊಂಡು, ದುರಸ್ತಿ ಮಾಡಿಸಿ, ಕಡಿಮೆ ಆದಾಯದವರ ವಾಸಕ್ಕೆ ಉಳಿಸಲು ಹೊರಟಿತು. ಮನೆಗಳೂ ಉಳಿದವು, ಬಡವರಿಗೆ ನೆಲೆಯೂ ಉಳಿಯಿತು.

ಆದ್ದರಿಂದ ನನ್ನ ಶಿಷ್ಯನಿಗೆ ಹೇಳಿದ್ದಿಷ್ಟು: ಚರ್ಚಿನಲ್ಲಿ ಮನೆಗಳೇ ಬೇಡವೆನ್ನುವ ಅರ್ಜಿಗೆ ಸಹಿ ಹಾಕಬೇಡ. ಐದರಲ್ಲಿ ಒಂದು ಮನೆಯನ್ನಾದರೂ ದಾದಿಯರಿಗೆ, ಬಸ್ಸು ಓಡಿಸುವವರಿಗೆ, ನನ್ನಂಥ ಮೇಷ್ಟರುಗಳಿಗೆ ಎಟಕುವ ಬಾಡಿಗೆಗೆ ಮೀಸಲಿಡಿ ಎಂದು ನೀನೇ ಒಂದು ಅರ್ಜಿ ಬರೆ. ನಿನ್ನ ನೆರೆಯವರಲ್ಲಿ ಎಷ್ಟು ಜನ ಅದಕ್ಕೆ ಸಹಿ ಹಾಕಿದರೆಂದು ನನಗೆ ತಿಳಿಸು.